ಸೆಕೆಂಡ್‌ಹ್ಯಾಂಡ್ ಟೈಮ್‌ಶೇರ್ ತಗೊಂಡ ಐದು ತಿಂಗಳು

ಕಂಪನಿಯಿಂದ ಕೊನೆಗೂ ಪತ್ರ ಬಂತು. ಜುಲೈ 24ರ ತಾರೀಕು ಹಾಕಿದೆ. ರೆಸಾರ್ಟ್ ಮೆಂಬರ್‌ಶಿಪ್ (ವರ್ಷಕ್ಕಿಷ್ಟು ರಾತ್ರಿ ಉಳಿದುಕೊಳ್ಳುವ ಹಕ್ಕು, ಅದೇ ಟೈಮ್‌ಶೇರ್) ನನ್ನ ಹೆಸರಿಗೆ ಆಗಿದೆಯಂತೆ. ಮಾರ್ಚ್ ಮೊದಲ ವಾರ ಶುರು ಮಾಡಿದ ಕೆಲಸ ಇದು. ನಡುವೆ ಎರಡು ಸಲ ಬೇಡವೇ ಬೇಡ ಅಂತ ಕೈಬಿಟ್ಟಿದ್ದೆ. ಮೈಸೂರಿಗೆ ಮೂರು ಸಲ ಹೋಗಿ ಬಂದೆ. ಬೇರೆ ಯಾರಾದರೂ ಹೀಗೆ ಹಳೇ ಮೆಂಬರ್‌ಶಿಪ್ ತಗೊಳ್ಳೋಕೆ ಹೊರಟಿದ್ದರೆ ನಾನು ಬಿದ್ದ ಗುಂಡಿಗೆ ಬೀಳದಿರಲಿ ಅಂತ ಬರೆಯುತ್ತಿದ್ದೇನೆ.

ನಾನು ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಚೆಕ್ ರೋಲ್ (ಆಳುಗಳ ಹಾಜರಿ ಪುಸ್ತಕ) ಬರೆಯೋದು, ಕುಯ್ಲಿನ ತೂಕ ಹಾಕೋದು, ಶನಿವಾರ ಬಟವಾಡೆ ಮಾಡೋದು. 19 ವರ್ಷದಿಂದ ಇದೇ ಕೆಲಸ. ಆಳೊಬ್ಬರ ಅರ್ಧ ದಿನದ ಕೂಲಿ ತಪ್ಪಿದರೂ ರಾತ್ರಿ ನಿದ್ದೆ ಬರದವನು. ಅಂಥವನೇ ಈ ವ್ಯವಹಾರದಲ್ಲಿ ಮೊದಲು ಹಾಕಿದ ಲೆಕ್ಕ ಪೂರ್ತಿ ತಪ್ಪಾಗಿತ್ತು.

ಕೊಡಗಿನವರಿಗೆ ಯಾಕಪ್ಪಾ ರೆಸಾರ್ಟು ಅಂತ ಕೇಳುತ್ತೀರಿ, ಗೊತ್ತು. ಶನಿವಾರ ಬಂತೆಂದರೆ ಕುಶಾಲನಗರದಿಂದ ಮಡಿಕೇರಿವರೆಗೆ ಬೆಂಗಳೂರಿನ ಕಾರುಗಳ ಸಾಲು. ತರಕಾರಿ ತರೋಕೆ ಬೈಕ್ ತೆಗೆದರೂ ಅದರ ಹಿಂದೆ ನಿಲ್ಲಬೇಕು. ಒಂದು ದಿನ ಹಾಗೆ ನಿಂತಿದ್ದಾಗಲೇ ನನ್ನ ಹೆಂಡತಿ ಹಿಂದಿನಿಂದ ಅಂದಳು: "ಊರೆಲ್ಲ ನಮ್ಮೂರಿಗೆ ಬರುತ್ತೆ. ನಾವು ಮದುವೆ, ಆಸ್ಪತ್ರೆ ಬಿಟ್ಟು ಎಲ್ಲಿಗಾದ್ರೂ ಹೋಗಿದ್ದೀವಾ?" ಉತ್ತರ ಇರಲಿಲ್ಲ. ಕುಯ್ಲು ಮುಗಿದು ಕೈಗೆ ಬೋನಸ್ ಬಂದಿತ್ತು. ಮನಸ್ಸೂ ಸ್ವಲ್ಪ ಸಡಿಲವಾಗಿತ್ತು.

ಅದೇ ವಾರ ನಮ್ಮ ಮ್ಯಾನೇಜರ್ ಒಬ್ಬರ ವಿಷಯ ಹೇಳಿದರು. ಮೈಸೂರು ಕುವೆಂಪುನಗರದಲ್ಲಿರುವ ರಿಟೈರ್ಡ್ ಬ್ಯಾಂಕ್ ಅಧಿಕಾರಿ. 2009ರಲ್ಲಿ 2,90,000 ಕೊಟ್ಟು ಒಂದು ಕಂಪನಿಯ ಟೈಮ್‌ಶೇರ್ ತಗೊಂಡಿದ್ದಾರೆ. ವರ್ಷಕ್ಕೆ ಏಳು ರಾತ್ರಿ, ಒಂದು ಬೆಡ್‌ರೂಮಿನ ಮನೆ, 25 ವರ್ಷ. ಈಗ ವಯಸ್ಸಾಯಿತು, ಯಾರಿಗಾದರೂ ಕೊಡಬೇಕಂತೆ. ಕೇಳಿದ್ದು 1,60,000.

ಫೋನ್ ಇಟ್ಟವನೇ ಚೆಕ್ ರೋಲಿನ ಹಿಂದೆ ಲೆಕ್ಕ ಹಾಕಿದೆ. 2034ರವರೆಗೆ ಇನ್ನೂ ಒಂಬತ್ತು ವರ್ಷ ಇದೆ. ಒಂಬತ್ತೇಳಲೆ 63 ರಾತ್ರಿ. 1,60,000ವನ್ನು 63ರಿಂದ ಭಾಗಿಸಿದರೆ ಒಂದು ರಾತ್ರಿಗೆ 2,540 ರೂಪಾಯಿ. ಆ ದುಡ್ಡಿಗೆ ಮಡಿಕೇರಿಯಲ್ಲಿ ಸೀಸನ್ ಟೈಮಲ್ಲಿ ಸಾಧಾರಣ ರೂಮೂ ಕಷ್ಟ. ನನಗಂತೂ ಲಾಟರಿ ಹೊಡೆದ ಹಾಗಾಯಿತು. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ. ನೋಡಿದರೆ ನಗು ಬರುತ್ತೆ.

ಭಾನುವಾರ ಬೆಳಿಗ್ಗೆ ಬಸ್ಸಿಗೆ ಮೈಸೂರಿಗೆ ಹೋದೆ. ಹಿರಿಯರು ಒಬ್ಬರೇ ಇದ್ದರು. ತಾವೇ ಕಾಫಿ ಮಾಡಿ ತಂದರು. "ಕೊಡಗಿನವರಿಗೆ ಕಾಫಿ ಕೊಡೋಕೆ ಭಯ ಆಗುತ್ತೆ ರೈಟ್ರೇ" ಅಂತ ನಕ್ಕರು. ಆಮೇಲೆ ನೀಲಿ ಪ್ಲಾಸ್ಟಿಕ್ ಫೈಲ್ ಒಂದನ್ನು ಟೀಪಾಯಿ ಮೇಲಿಟ್ಟರು. ಅದರೊಳಗೆ ಕರಾರಿನ ಪುಸ್ತಕ, ಕಾರ್ಡು, ಹಳೇ ರಸೀದಿಗಳು. ಫೈಲಿನ ಹಿಂದಿನ ಜೇಬಿನಲ್ಲಿ ಮಡಚಿದ ಒಂದು ಚೀಟಿ. ತೆಗೆದು ನೋಡಿದೆ. ದುಂಡಗಿನ ಅಕ್ಷರದಲ್ಲಿ ಸ್ವೆಟರ್, ಟಾರ್ಚ್, ಬಿ.ಪಿ. ಮಾತ್ರೆ, ಉಪ್ಪಿನಕಾಯಿ ಬಾಟಲಿ, ಇಸ್ಪೀಟ್ ಅಂತ ಬರೆದಿತ್ತು. ಏನೂ ಕೇಳದೆ ಇದ್ದ ಹಾಗೇ ಒಳಗಿಟ್ಟೆ.

ಇಲ್ಲಿ ಒಂದು ಮಾತು. ಟೈಮ್‌ಶೇರ್ ಅಂದ ಕೂಡಲೇ ರೆಸಾರ್ಟಿನಲ್ಲಿ ನಮಗೂ ಒಂದು ಪಾಲು ಇರುತ್ತೆ ಅಂತ ನಾನು ಅಂದುಕೊಂಡಿದ್ದೆ. ಹಾಗಲ್ಲ. ನಮ್ಮಲ್ಲಿ ಮಾರುವ ಇಂಥ ಮೆಂಬರ್‌ಶಿಪ್‌ನಲ್ಲಿ ಸಾಮಾನ್ಯವಾಗಿ ಸಿಗೋದು ಇಷ್ಟು ವರ್ಷ, ವರ್ಷಕ್ಕಿಷ್ಟು ದಿನ ಉಳಿದುಕೊಳ್ಳುವ ಹಕ್ಕು ಮಾತ್ರ. ಜಾಗವೂ ಇಲ್ಲ, ಗೋಡೆಯೂ ಇಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಏನೂ ನೋಂದಣಿ ಆಗಲ್ಲ. ಆರ್‌ಟಿಸಿ ಇಲ್ಲ, ಜಾಗದ ಮೇಲೆ ಸಾಲ ಇದೆಯಾ ಅಂತ ತೋರಿಸುವ ಇ.ಸಿ. ಇಲ್ಲ. ಅವಧಿ ಮುಗಿದ ದಿನ ಕೈಯಲ್ಲಿ ಉಳಿಯೋದು ಪ್ಲಾಸ್ಟಿಕ್ ಕಾರ್ಡು. ಅವಧಿ ಲೆಕ್ಕ ಆಗೋದೂ ಮೊದಲ ಕರಾರಿನ ತಾರೀಕಿನಿಂದ, ನಮ್ಮ ಹೆಸರಿಗೆ ಆದ ದಿನದಿಂದಲ್ಲ.

ಕರಾರನ್ನು ಬಸ್ಸಿನಲ್ಲಿ ವಾಪಸ್ ಬರುತ್ತಾ ಓದಿದೆ. ಹುಣಸೂರು ದಾಟುವಷ್ಟರಲ್ಲಿ ತಲೆ ತಿರುಗಿತು. ಸಣ್ಣ ಅಕ್ಷರ ಬೇರೆ. ವರ್ಷದ ವಾರಗಳನ್ನು ಬಣ್ಣ ಬಣ್ಣದ ಸೀಸನ್ ಅಂತ ವಿಂಗಡಿಸಿದ್ದರು. ಇವರದು ನಡುವಿನ ಬಣ್ಣ. ಅಂದರೆ ಏಪ್ರಿಲ್–ಮೇ ರಜೆ, ದಸರಾ, ಕ್ರಿಸ್‌ಮಸ್ ಸಿಗಲ್ಲ. ಮಕ್ಕಳಿರುವ ಮನೆಯವರಿಗೆ ಇದು ದೊಡ್ಡ ಏಟು. ನಮಗೆ ಅಷ್ಟೇನೂ ತೊಂದರೆ ಕಾಣಲಿಲ್ಲ. ನವೆಂಬರಿನಿಂದ ಮಾರ್ಚ್‌ವರೆಗೆ ಅರೇಬಿಕಾ, ರೊಬಸ್ಟಾ ಕುಯ್ಲು ಅಂತ ನಾನು ಅಲ್ಲಾಡುವ ಹಾಗೇ ಇಲ್ಲ. ನನಗೆ ಪುರುಸೊತ್ತು ಸಿಗೋದು ಮಳೆಗಾಲದಲ್ಲಿ. ಮಕ್ಕಳಿಗೂ ಆಗ ಡಿಸಿ ಸಾಹೇಬರು ಮಳೆ ರಜೆ ಕೊಡ್ತಾನೇ ಇರುತ್ತಾರೆ. (ಅದನ್ನು ನಂಬಿ ಬುಕ್ ಮಾಡೋಕೆ ಆಗಲ್ಲ ಅನ್ನೋದು ಬೇರೆ ಮಾತು. ಆ ರಜೆ ಗೊತ್ತಾಗೋದೇ ಹಿಂದಿನ ರಾತ್ರಿ.) ಬೇರೆಯವರಿಗೆ ಬೇಡದ ವಾರ ನನಗೆ ಬೇಕು. ಹಾಗಾಗಿ ಕಡಿಮೆ ಬಣ್ಣದ ಸೀಸನ್ ನಮಗೆ ಲಾಭವೇ ಅಂದುಕೊಂಡೆ.

17ನೇ ಪುಟದಲ್ಲಿ ವಾರ್ಷಿಕ ಶುಲ್ಕದ ಮಾತಿತ್ತು. ರೂಮು ನೋಡಿಕೊಳ್ಳೋಕೆ ಪ್ರತಿ ವರ್ಷ ಕಟ್ಟಬೇಕಾದ ದುಡ್ಡು. ಹೋದರೂ ಕಟ್ಟಬೇಕು, ಹೋಗದಿದ್ದರೂ ಕಟ್ಟಬೇಕು. ಪುಸ್ತಕದಲ್ಲಿ 8,600 ಅಂತ ಇತ್ತು, ಅದು 2009ರ ರೇಟು. ಪಕ್ಕದಲ್ಲೇ "ಬೆಲೆಯೇರಿಕೆಗೆ ತಕ್ಕಂತೆ ಬದಲಾಗುತ್ತದೆ" ಅಂತ ಒಂದು ಸಾಲು. ಹಿರಿಯರಿಗೆ ಫೋನ್ ಮಾಡಿ ಈಗ ಎಷ್ಟು ಅಂತ ಕೇಳಿದೆ. "ಇಪ್ಪತ್ತರ ಹತ್ತಿರ ಇರಬೇಕು ರೈಟ್ರೇ, ಅದೆಲ್ಲ ದೊಡ್ಡದಲ್ಲ" ಅಂದರು. ಇರಬೇಕು ಅನ್ನೋ ಮಾತು ಕೇಳಿದ ಕೂಡಲೇ ನನ್ನೊಳಗಿನ ರೈಟರ್ ಎದ್ದು ಕೂತ.

ಜಾಗ ತಗೊಳ್ಳುವಾಗ ಇ.ಸಿ. ತೆಗೆಸುತ್ತೇವಲ್ಲ, ಹಾಗೆ ಇದಕ್ಕೆ ಏನಿದೆ ಅಂತ ಕಂಪನಿಯ ನಂಬರಿಗೆ ಫೋನ್ ಮಾಡಿ ಕೇಳಿದೆ. ಮೆಂಬರ್ ಖಾತೆಯ ಸ್ಟೇಟ್‌ಮೆಂಟ್ ಕೊಡುತ್ತಾರಂತೆ. ಆದರೆ ನನಗೆ ಕೊಡಲ್ಲ. ಮೆಂಬರ್ ತಮ್ಮ ರಿಜಿಸ್ಟರ್ ಆದ ಇಮೇಲ್‌ನಿಂದಲೇ ಕೇಳಬೇಕು. ಆ ಇಮೇಲ್ ಮಾಡಿಕೊಟ್ಟಿದ್ದು ಅವರ ಮಗ. ಮಗ ಇರೋದು ಕೆನಡಾದಲ್ಲಿ. ಅವನಿಗೂ ಪಾಸ್‌ವರ್ಡ್ ಮರೆತಿತ್ತು. ಇಮೇಲ್ ಬದಲಾಯಿಸೋಕೆ ಒಂದು ಅರ್ಜಿ, ಅದಕ್ಕೆ ಆಧಾರ್, ಪ್ಯಾನ್. ಒಂದು ಹಾಳೆ ಕಾಗದಕ್ಕೆ 19 ದಿನ ಕಾದೆವು. ಅಷ್ಟರಲ್ಲಿ ಹೂಮಳೆ ಬಂದು ತೋಟವೆಲ್ಲ ಬೆಳ್ಳಗಾಗಿ ಆ ಹೂವೂ ಉದುರಿತ್ತು.

ಸ್ಟೇಟ್‌ಮೆಂಟ್ ಬಂದ ದಿನ ಎಸ್ಟೇಟ್ ಆಫೀಸಿನ ಪ್ರಿಂಟರ್‌ನಲ್ಲಿ ತೆಗೆದು ಬೆರಳಿಟ್ಟು ಸಾಲು ಸಾಲಾಗಿ ಓದಿದೆ. 2023ರ ಶುಲ್ಕ 19,400. ಕಟ್ಟಿಲ್ಲ. 2024ರದ್ದು 20,400. ಅದೂ ಕಟ್ಟಿಲ್ಲ. ಎರಡಕ್ಕೂ ಶೇಕಡಾ 18 ಜಿಎಸ್‌ಟಿ ಸೇರಿ 46,964. ಬಾಕಿಗೆ ವರ್ಷಕ್ಕೆ ಶೇಕಡಾ 18 ಬಡ್ಡಿ, ಅದು 12,574. ಕೊನೆಯ ಸಾಲಿನಲ್ಲಿ ದಪ್ಪ ಅಕ್ಷರದಲ್ಲಿ 59,538. ಅದರ ಕೆಳಗೆ, ಏಪ್ರಿಲ್ 1ರಿಂದ ಹೊಸ ವರ್ಷದ ಶುಲ್ಕ 21,400, ಜಿಎಸ್‌ಟಿ ಸೇರಿ 25,252.

ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯಿತು. ಕರಾರು ಮತ್ತೆ ತೆಗೆದೆ. ಹಳೇ ಬಾಕಿ ಮೆಂಬರ್‌ಶಿಪ್ ಜೊತೆಗೇ ಹೋಗುತ್ತೆ, ಅಂದರೆ ಯಾರ ಹೆಸರಿಗೆ ಆಗುತ್ತೋ ಅವರೇ ತೀರಿಸಬೇಕು ಅಂತ ಸ್ಪಷ್ಟವಾಗಿತ್ತು. ನಾನು ಮೊದಲ ದಿನವೇ ಮುಂಗಡ ಕೊಟ್ಟುಬಿಟ್ಟಿದ್ದರೆ?

ಹಿರಿಯರ ಮೇಲೆ ಸಿಟ್ಟು ಬಂತು. ಫೋನ್ ಮಾಡಿ ಸ್ವಲ್ಪ ಗಟ್ಟಿಯಾಗೇ ಕೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಂದರು: "ನಮ್ಮ ಮನೆಯವರು ಹೋದ ಮೇಲೆ ನಾನು ಎಲ್ಲಿಗೂ ಹೋಗಲಿಲ್ಲ. ಆ ಕಾಗದ ಬಂದರೆ ಒಡೆದು ನೋಡ್ತಾನೂ ಇರಲಿಲ್ಲ." ಅವರ ಹೆಂಡತಿ ತೀರಿಕೊಂಡಿದ್ದು 2021ರಲ್ಲಿ. ಒಂದೆರಡು ವರ್ಷ ಸುಮ್ನೆ ಕಟ್ಟಿದ್ದಾರೆ, ಆಮೇಲೆ ಬಿಟ್ಟಿದ್ದಾರೆ. ಮೋಸ ಮಾಡುವ ಜನ ಅಲ್ಲ ಅಂತ ನನಗೆ ಅನ್ನಿಸಿತು. ಆದರೆ ಮೋಸ ಇಲ್ಲ ಅಂದ ಮಾತ್ರಕ್ಕೆ 59,538 ಕಡಿಮೆ ಆಗಲ್ಲ ಅಲ್ವಾ?

ಅವರಿಗೂ ಒಂದು ಪೆಟ್ಟು ಬಿದ್ದಿತ್ತು, ಆ ಮಾತು ಬಂದಾಗಲೇ ಹೇಳಿದರು. ಹಿಂದಿನ ವರ್ಷ ಯಾರೋ ಫೋನ್ ಮಾಡಿ ನಿಮ್ಮ ಮೆಂಬರ್‌ಶಿಪ್‌ಗೆ ನಾಲ್ಕು ಲಕ್ಷಕ್ಕೆ ಗಿರಾಕಿ ರೆಡಿ ಇದ್ದಾರೆ ಅಂದರಂತೆ. ಕಾಗದಪತ್ರಕ್ಕೆ ಅಂತ ಮೊದಲೇ 12,000 ಹಾಕಿಸಿಕೊಂಡರಂತೆ. ಆಮೇಲೆ ಆ ನಂಬರ್ ಸತ್ತಿತು. ಮಾರುವವರು ಓದುತ್ತಿದ್ದರೆ ಇದನ್ನು ನೆನಪಿಡಿ. ಗಿರಾಕಿಯನ್ನು ತೋರಿಸುವ ಮೊದಲೇ ದುಡ್ಡು ಕೇಳುವವರಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಅಮೆರಿಕದಲ್ಲಿರುವ ನಮ್ಮ ಭಾವನ ಮಗ ಹೇಳುವ ಪ್ರಕಾರ ಅಲ್ಲೂ ಇದೇ ಕಥೆ, ಇದೇ ಆಟ. ಅಲ್ಲಿ ಕೆಲವು ಟೈಮ್‌ಶೇರ್‌ಗಳು ಜಾಗದ ಹಾಗೆ ಪತ್ರ ಆಗಿ, ಅವಧಿಯೇ ಇಲ್ಲದೆ ಮಕ್ಕಳವರೆಗೂ ಶುಲ್ಕ ಹಿಂಬಾಲಿಸುತ್ತಂತೆ. ಚಾವಣಿ ರಿಪೇರಿ, ಬಿರುಗಾಳಿ ಅಂತ ವರ್ಷದ ಶುಲ್ಕದ ಮೇಲೆ ವಿಶೇಷ ವಸೂಲಿಯೂ ಇರುತ್ತಂತೆ. ನಮ್ಮದಕ್ಕೆ ಕೊನೆಯ ತಾರೀಕಾದರೂ ಇದೆ ಅಂತ ಸಮಾಧಾನ ಮಾಡಿಕೊಂಡೆ.

ಆ ರಾತ್ರಿ ಊಟ ಆದ ಮೇಲೆ ಮನೆಯಲ್ಲಿ ಲೆಕ್ಕಕ್ಕೆ ಕೂತೆವು. ಮಗಳು ಪಿಯುಸಿ ಕಾಮರ್ಸ್. ನಾನು ಬರೆದೆ: ಕೊಳ್ಳುವ ಬೆಲೆ 1,60,000. ಬಾಕಿ 59,538. ಹೆಸರು ಬದಲಾವಣೆಯ ಶುಲ್ಕ 5,000 ಅಂತ ಕರಾರಿನ ಪುಸ್ತಕದಲ್ಲಿತ್ತು. ಅಷ್ಟರಲ್ಲಿ ಮಗಳು ಅದರ ಪಕ್ಕದ ಸಾಲು ಓದಿದಳು. "ಆಗ ಜಾರಿಯಲ್ಲಿರುವ ದರ" ಅಂತಿದೆಯಲ್ಲಪ್ಪಾ, ಇದು 2009ರ ಪುಸ್ತಕ. ಮಾರನೇ ದಿನ ಕೇಳಿದರೆ ಈಗ 20,000, ಮೇಲೆ ಜಿಎಸ್‌ಟಿ 3,600. ಒಟ್ಟು 23,600. ರಕ್ತ ಸಂಬಂಧಿಗಳಿಗಾದರೆ ಈ ಶುಲ್ಕ ಇಲ್ಲವಂತೆ. "ನಿಮಗೆ ಅವರು ಏನಾಗಬೇಕು ಸರ್?" ಅಂತ ಫೋನಿನ ಹುಡುಗಿ ಕೇಳಿದಳು. ಏನೂ ಆಗಬೇಕಿಲ್ಲಮ್ಮ ಅಂದೆ.

ವಾರ್ಷಿಕ ಶುಲ್ಕಕ್ಕೆ ಬಂದಾಗ ನಾನು 25,252ನ್ನು ಒಂಬತ್ತರಿಂದ ಗುಣಿಸಿದೆ. ಮಗಳು ಪೆನ್ ಕಿತ್ತುಕೊಂಡಳು. "ವರ್ಷ ವರ್ಷ ಸಾವಿರ ಏರಿದೆಯಲ್ಲ, ಇನ್ಮೇಲೆ ನಿಂತುಬಿಡುತ್ತಾ?" ವರ್ಷಕ್ಕೆ ಸಾವಿರದಂತೆಯೇ ಏರಿದರೂ ಒಂಬತ್ತನೇ ವರ್ಷ 29,400 ಆಗುತ್ತೆ. ಸರಾಸರಿ ತೆಗೆದರೆ 25,400, ಜಿಎಸ್‌ಟಿ ಸೇರಿ ವರ್ಷಕ್ಕೆ 29,972. ಇದರ ಜೊತೆಗೆ ಉಳಿದುಕೊಂಡಾಗ ಕರೆಂಟು, ನೀರು, ಗ್ಯಾಸ್ ಅಂತ ದಿನಕ್ಕೆ 600, ತೆರಿಗೆ ಸೇರಿ 708. ಇದು ಕರಾರಿನಲ್ಲೇ ಇರಲಿಲ್ಲ. ಹಿರಿಯರ ಹಳೇ ಬಿಲ್ಲೊಂದರಲ್ಲಿ ಅಂಥದೊಂದು ಸಾಲು ಕಂಡು, ಈಗ ಎಷ್ಟು ಅಂತ ವಿಚಾರಿಸಿದ್ದು. ಹಾಗಾಗಿ ಮಾರುವವರ ಹತ್ತಿರ ಹಳೇ ತಂಗುವಿಕೆಯ ಬಿಲ್ ಇದ್ದರೆ ಖಂಡಿತ ಕೇಳಿ ನೋಡಿ. ಕರಾರಿನಲ್ಲಿ ಇಲ್ಲದ್ದು ಬಿಲ್ಲಿನಲ್ಲಿ ಇರುತ್ತೆ.

ಎಲ್ಲ ಸೇರಿಸಿ ಒಂಬತ್ತು ವರ್ಷಕ್ಕೆ ಹಂಚಿದಾಗ ಒಂದು ರಾತ್ರಿಗೆ ಬಂದಿದ್ದು 8,849 ರೂಪಾಯಿ. ನನ್ನ ಚೆಕ್ ರೋಲಿನ ಲೆಕ್ಕ 2,540. ಮಗಳು ಎರಡನ್ನೂ ಪಕ್ಕಪಕ್ಕ ಬರೆದು ಸುತ್ತ ಒಂದು ಗೆರೆ ಎಳೆದಳು. ಬೇಕಂತಲೇ.

ನಾನು ಬೇಡ ಅಂತ ತೀರ್ಮಾನ ಮಾಡಿದೆ. ಇದು ಮೊದಲ ಸಲ ಕೈಬಿಟ್ಟಿದ್ದು. ಹತ್ತು ದಿನ ಆ ಕಡೆ ಫೋನ್ ಮಾಡಲಿಲ್ಲ. ಆಮೇಲೆ ಹೆಂಡತಿಯೇ ಕೇಳಿದಳು, ಹೋಟೆಲ್ ಆದರೆ ಎಷ್ಟಾಗುತ್ತೆ ಅಂತ. ನಾವು ಐದು ಜನ, ಅಮ್ಮನೂ ಸೇರಿ. ಒಂದು ರೂಮಿನಲ್ಲಿ ಐವರನ್ನು ಬಿಡಲ್ಲ, ಎರಡು ಬೇಕು. ಅದೇ ದರ್ಜೆಯ ಜಾಗದಲ್ಲಿ ವಿಚಾರಿಸಿದರೆ ರೂಮಿಗೆ 4,800 ಹೇಳಿದರು. ಎರಡಕ್ಕೆ 9,600. ಅಂದರೆ ಬೆಲೆ ಇಳಿದರೆ ವ್ಯವಹಾರ ಪೂರ್ತಿ ದಂಡವಲ್ಲ. ಆದರೆ ಏಳು ರಾತ್ರಿಯನ್ನೂ ಬಳಸಬೇಕು. ನಾಲ್ಕೇ ರಾತ್ರಿ ಹೋದರೆ ಲೆಕ್ಕ ತಲೆಕೆಳಗು. ಇಬ್ಬರೇ ಗಂಡ ಹೆಂಡತಿ ಆದರೂ ಅಷ್ಟೇ, ಹೋಟೆಲೇ ವಾಸಿ. ಇದು ನನ್ನ ಅಭಿಪ್ರಾಯ.

ಚೌಕಾಸಿ ಮಾಡೋಕೆ ನನಗೆ ನಾಚಿಕೆ. ಮೇಲಾಗಿ ಹೆಂಡತಿ ಹೋದ ಮನುಷ್ಯನ ಹತ್ತಿರ. ಅದಕ್ಕೆ ಬಾಯಿ ಮಾತು ಬಿಟ್ಟು ಆ ಲೆಕ್ಕದ ಹಾಳೆಯನ್ನೇ ವಾಟ್ಸಾಪ್ ಮಾಡಿದೆ. ಅವರು ಬ್ಯಾಂಕಿನವರು, ಹತ್ತು ನಿಮಿಷದಲ್ಲಿ ಫೋನ್ ಬಂತು. "ನಿಮ್ಮ ಲೆಕ್ಕ ಸರಿ ಇದೆ. ನಾನು ಮಾರೋ ಮೊದಲು ಹಾಕಬೇಕಿತ್ತು. ನೀವೇ ಒಂದು ಬೆಲೆ ಹೇಳಿ." ಎಲ್ಲ ಸೇರಿ 80,000 ಅಂದೆ. ಅದರಲ್ಲೇ ಬಾಕಿ ತೀರಬೇಕು, ಉಳಿದದ್ದು ಅವರಿಗೆ. ಒಂದೇ ಸಲ ಕಟ್ಟುತ್ತೇವೆ ಅಂತ ಬರೆದದ್ದಕ್ಕೆ ಕಂಪನಿಯವರು ಅರ್ಧ ಬಡ್ಡಿ ಬಿಟ್ಟರು. ಕೇಳದೆ ಇದ್ದಿದ್ದರೆ ಬಿಡುತ್ತಿರಲಿಲ್ಲ, ಆದ್ದರಿಂದ ಕೇಳಿ. ಬಾಕಿ 53,251ಕ್ಕೆ ಇಳಿಯಿತು. 2,90,000 ಕೊಟ್ಟಿದ್ದಕ್ಕೆ ಹಿರಿಯರ ಕೈಗೆ ಸಿಕ್ಕಿದ್ದು 26,749. ಇಟ್ಟುಕೊಂಡಿದ್ದರೆ ಬಾಕಿ ಇನ್ನೂ ಬೆಳೆಯುತ್ತಿತ್ತು ಅಂತ ಅವರೇ ಅಂದರು.

ದುಡ್ಡು ಕೊಟ್ಟ ಕ್ರಮ ಹೇಳುತ್ತೇನೆ, ಇದೊಂದರಲ್ಲಿ ನಾನು ಎಡವಲಿಲ್ಲ. ಎರಡು ಪುಟದ ಕರಾರು ಬರೆಸಿದೆವು. ಮುಂಗಡ 5,000 ಮಾತ್ರ. ಬಾಕಿಯನ್ನು ಹಿರಿಯರ ಕೈಗೆ ಕೊಡದೆ ಅವರ ಮೆಂಬರ್ ನಂಬರಿಗೆ ಕಂಪನಿಯ ಖಾತೆಗೇ ನೇರವಾಗಿ ಕಟ್ಟಿದೆ. ರಸೀದಿ ಬಂದ ಮೇಲೆ ಮುಂದಿನ ಹೆಜ್ಜೆ. ಅವರಿಗೆ ಸಲ್ಲಬೇಕಾದ ಉಳಿದ ದುಡ್ಡು ನನ್ನ ಹೆಸರಿಗೆ ಆದ ಪತ್ರ ಬಂದ ಮೇಲೆ. ಒಂದು ವೇಳೆ ಕಂಪನಿ ಒಪ್ಪದಿದ್ದರೆ ಅವರು ಬಾಕಿಯ ದುಡ್ಡನ್ನು ನನಗೆ ವಾಪಸ್ ಕೊಡಬೇಕು ಅಂತಲೂ ಬರೆಸಿದ್ದೆ.

ಇನ್ನು ಕಾಗದಪತ್ರ. ಇಬ್ಬರ ಪ್ಯಾನ್, ಆಧಾರ್, ಫೋಟೋ, ಮೂಲ ಕರಾರು, ಕಾರ್ಡು, ಇಬ್ಬರೂ ಸಹಿ ಹಾಕಿದ ಅರ್ಜಿ, ನೋಟರಿ ಮಾಡಿಸಿದ ಅಫಿಡವಿಟ್, ಮುಂದೆ ತಕರಾರು ಬಂದರೆ ನಮ್ಮ ಹೊಣೆ ಅನ್ನುವ ಬಾಂಡ್. ಮೇ 9ಕ್ಕೆ ಎಲ್ಲ ಕಳಿಸಿ ನಿರಾಳವಾಗಿದ್ದೆ. 12 ದಿನ ಆದ ಮೇಲೆ ವಾಪಸ್. ಕಾರಣ, ಮೆಂಬರ್‌ಶಿಪ್ ಇದ್ದದ್ದು ಗಂಡ ಹೆಂಡತಿ ಇಬ್ಬರ ಹೆಸರಲ್ಲಿ. ಮೊದಲು ಆ ತಾಯಿಯ ಹೆಸರು ತೆಗೆಸಬೇಕು. ಅದಕ್ಕೆ ಮರಣ ಪ್ರಮಾಣಪತ್ರ, ಜೊತೆಗೆ ಮಕ್ಕಳಿಬ್ಬರ ಒಪ್ಪಿಗೆ ಪತ್ರ. ಮಗಳು ಬೆಂಗಳೂರಿನಲ್ಲಿ, ಸರಿ. ಮಗ ಕೆನಡಾದಿಂದ ಸಹಿ ಮಾಡಿ ಕೊರಿಯರ್ ಮಾಡಬೇಕು. ನಮ್ಮ ಕಡೆ ಜಮ್ಮಾ ಜಾಗದ (ಇಡೀ ಕುಟುಂಬಕ್ಕೆ ಸೇರಿದ ಜಾಗದ) ವ್ಯವಹಾರದಲ್ಲಿ ಕುಟುಂಬದವರ ಸಹಿ ಒಟ್ಟು ಮಾಡೋಕೆ ಅಲೆಯುತ್ತಾರಲ್ಲ, ಅದನ್ನು ನೋಡಿ ಬೆಳೆದವನು ನಾನು. ವರ್ಷಕ್ಕೆ ಏಳು ರಾತ್ರಿ ಮಲಗೋಕೂ ಅದೇ ಪಾಡು ಅಂತ ಗೊತ್ತಿರಲಿಲ್ಲ. ತಗೊಳ್ಳುವ ಮೊದಲೇ ಕಾರ್ಡಿನಲ್ಲಿ ಎಷ್ಟು ಹೆಸರಿದೆ ನೋಡಿ, ಅವರೆಲ್ಲ ಇದ್ದಾರಾ ಕೇಳಿ.

ಜೂನ್ ಮಧ್ಯಕ್ಕೆ ಅದು ಮುಗಿಯಿತು ಅನ್ನುವಾಗ ನನ್ನ ಹೆಸರಿನದ್ದೇ ತಕರಾರು. ಆಧಾರಿನಲ್ಲಿ ಮನೆ ಹೆಸರು ಮೊದಲು, ಪೂರ್ತಿಯಾಗಿ. ಪ್ಯಾನ್‌ನಲ್ಲಿ ಅದು ಕೊನೆಗೆ ಹೋಗಿದೆ. ನಡುವೆ ಅಪ್ಪನ ಹೆಸರು ಬೇರೆ ಬಂದು ಕೂತಿದೆ. ಕೊಡಗಿನಲ್ಲಿ ಮನೆ ಹೆಸರಿಟ್ಟುಕೊಂಡವರಿಗೆ ಇದು ಗೊತ್ತಿರುವ ರೋಗ. ಎರಡೂ ಹೆಸರಿನ ಮನುಷ್ಯ ನಾನೊಬ್ಬನೇ ಅಂತ ಇನ್ನೊಂದು ಅಫಿಡವಿಟ್. ಕುಶಾಲನಗರದಲ್ಲಿ ಟೈಪ್ ಮಾಡುವ ಹುಡುಗ ಮನೆ ಹೆಸರಿನಲ್ಲಿ ಒಂದಕ್ಷರ ತಪ್ಪು ಹೊಡೆದ, ಮತ್ತೆ ಹೊಸ ಸ್ಟಾಂಪು. ನೋಟರಿ ವಕೀಲರು ನನ್ನನ್ನು ನೋಡಿ "ಇವತ್ತು ಯಾರು ನೀವು?" ಅಂದರು. ಸ್ಟಾಂಪು, ಟೈಪಿಂಗು, ನೋಟರಿ, ಕೊರಿಯರ್ ಎಲ್ಲ ಸೇರಿ 2,300 ಆಯಿತು.

ಕೊನೆಗೆ ಆನ್‌ಲೈನ್‌ನಲ್ಲಿ ಒಪ್ಪಿಗೆ ಕೊಡೋಕೆ ಒಟಿಪಿ. ಆಗ ನಮ್ಮಲ್ಲಿ ಮಳೆ ಹೇಗಿತ್ತು ಅಂದರೆ ಮೂರು ದಿನ ಕರೆಂಟಿಲ್ಲ. ಟವರಿನ ಜನರೇಟರಿಗೆ ಡೀಸೆಲ್ ಮುಗಿದರೆ ನೆಟ್‌ವರ್ಕೂ ಇಲ್ಲ. ಒಟಿಪಿ ಹತ್ತು ನಿಮಿಷ ಮಾತ್ರ ನಡೆಯುತ್ತೆ, ನನಗೆ ಸಿಗೋದು ಮುಕ್ಕಾಲು ಗಂಟೆ ಆದ ಮೇಲೆ. ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಮಾತ್ರ ಎರಡು ಗೆರೆ ಸಿಗ್ನಲ್ ಬರುತ್ತೆ. ಕೊಡೆಯನ್ನು ಕುತ್ತಿಗೆಗೆ ಒತ್ತಿ ಹಿಡಿದು, ಫೋನನ್ನು ಪ್ಲಾಸ್ಟಿಕ್ ಕವರಿನೊಳಗಿಟ್ಟು ನಿಂತೆ. ಕವರಿನ ಮೇಲಿಂದ ಒತ್ತಿದರೆ 6 ಹೋಗಿ 9 ಆಗುತ್ತೆ. ಆಳುಗಳ ಲೈನ್ ಮನೆಯ ಮಕ್ಕಳು ದೂರದಲ್ಲಿ ನಿಂತು ನೋಡುತ್ತಿದ್ದವು. ನಾಲ್ಕನೇ ಸಲಕ್ಕೆ ಆಯಿತು.

ಆಮೇಲೆ ಮೌನ. ಹೆಸರು ಬದಲಾವಣೆಯ 23,600 ಕಟ್ಟಿಸಿಕೊಂಡ ಮೇಲೆ ಮೂರು ವಾರ ಆ ಕಡೆಯಿಂದ ಸುದ್ದಿಯಿಲ್ಲ. ಫೋನ್ ಮಾಡಿದರೆ ಪ್ರೋಸೆಸ್‌ನಲ್ಲಿದೆ ಅನ್ನುವ ಒಂದೇ ಪಾಠ. ನಾನು ಎರಡನೇ ಸಲ ಕೈಬಿಟ್ಟಿದ್ದು ಆಗಲೇ. ದುಡ್ಡು ವಾಪಸ್ ಕೊಡಿ ಅಂತ ಬರೆದೆ. ಅದಕ್ಕೂ ಉತ್ತರ ಇಲ್ಲ. ಮಗಳು ಇನ್ನೊಂದು ಇಮೇಲ್ ಬರೆದುಕೊಟ್ಟಳು. ಕಟ್ಟಿದ ದುಡ್ಡಿನ ರಸೀದಿ ನಂಬರು, ತಾರೀಕು, ಏಳು ದಿನದಲ್ಲಿ ಉತ್ತರ ಬಾರದಿದ್ದರೆ 1915ಕ್ಕೆ ದೂರು ಕೊಡುತ್ತೇವೆ ಅಂತ ಒಂದು ಸಾಲು. 1915 ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದ್ದೇ ಇದೆ. ಐದು ಲಕ್ಷದ ಒಳಗಿನ ವ್ಯವಹಾರಕ್ಕೆ ಅಲ್ಲಿ ದೂರಿನ ಶುಲ್ಕವೂ ಇಲ್ಲ. ಅಲ್ಲಿವರೆಗೆ ಹೋಗಬೇಕಾಗಲಿಲ್ಲ. ಮೂರನೇ ದಿನ ಫೋನ್ ಬಂತು, ಆಮೇಲೆ ಪತ್ರ ಬಂತು. ಅದೇ ದಿನ ಹಿರಿಯರ ಉಳಿದ ದುಡ್ಡು ಹಾಕಿದೆ.

ಪತ್ರ ಬಂದ ಎರಡನೇ ದಿನವೇ ಇನ್ನೊಂದು ಫೋನ್. ಅಭಿನಂದನೆ ಸರ್, ಮೈಸೂರಿನ ಹೋಟೆಲಿನಲ್ಲಿ ಹೊಸ ಮೆಂಬರ್‌ಗಳಿಗೆ ಊಟ ಇದೆ, ದಂಪತಿ ಸಮೇತ ಬನ್ನಿ ಅಂತ. ಊಟದ ಜೊತೆ ಏನಿದೆ ಅಂತ ಕೇಳಿದೆ. ಬಣ್ಣ ಮೇಲಕ್ಕೇರಿಸಿಕೊಳ್ಳುವ ಆಫರ್ ಇದೆಯಂತೆ. ಎಷ್ಟು ಅಂತ ಫೋನಿನಲ್ಲಿ ಹೇಳಲ್ಲವಂತೆ. ಊಟ ಮನೆಯಲ್ಲೇ ಆಗುತ್ತೆ ಅಂದೆ.

ಇನ್ನೊಂದು ವಿಷಯ ಆಮೇಲೆ ಗೊತ್ತಾಯಿತು. ಹಿರಿಯರ ಖಾತೆಯಲ್ಲಿ ಬಳಸದೆ ಉಳಿದ 11 ರಾತ್ರಿಗಳಿದ್ದವು. ಅವೂ ನಿಮಗೇ ಅಂತ ಅವರು ಮೊದಲ ದಿನವೇ ಹೇಳಿದ್ದರು, ನಾನೂ ಒಳಗೊಳಗೇ ಖುಷಿಪಟ್ಟಿದ್ದೆ. ಹೆಸರು ಬದಲಾದ ಕೂಡಲೇ ಅವು ರದ್ದು. ಹೊರದೇಶದ ರೆಸಾರ್ಟುಗಳ ಜೊತೆ ಅದಲುಬದಲು ಮಾಡಿಕೊಳ್ಳುವ ಸೌಲಭ್ಯಕ್ಕೂ ಹೊಸದಾಗಿ ಬೇರೆ ದುಡ್ಡು ಕಟ್ಟಿ ಸೇರಬೇಕು. ನಮಗೆ ಬೇಡ, ಬಿಟ್ಟೆವು. ಉಳಿದ ರಾತ್ರಿಗಳ ಮೇಲೆ ಯಾರಾದರೂ ಬೆಲೆ ಕಟ್ಟಿದರೆ ಅವು ನಿಮ್ಮ ಹೆಸರಿಗೆ ಬರುತ್ತವಾ ಅಂತ ಕಂಪನಿಯಿಂದಲೇ ಬರಹದಲ್ಲಿ ಕೇಳಿಕೊಳ್ಳಿ.

ಈಗ ನಮ್ಮ ಕೊನೆಯ ಲೆಕ್ಕ ಹೇಳಿಬಿಡುತ್ತೇನೆ. 80,000, 23,600, 2,300. ಸೇರಿ 1,05,900, ವರ್ಷಕ್ಕೆ 11,767. ಶುಲ್ಕ ಮತ್ತು ಕರೆಂಟು ನೀರಿನ ದುಡ್ಡು ಸೇರಿಸಿದರೆ ಒಂದು ರಾತ್ರಿಗೆ 6,671. ಏಳರ ಬದಲು ನಾಲ್ಕೇ ರಾತ್ರಿ ಹೋದ ವರ್ಷ ಅದು 11,143. ಬಸ್ಸು, ರೈಲು, ಊಟ ಇದರಲ್ಲಿಲ್ಲ.

ಬುಕಿಂಗಿನಲ್ಲಿ ಒಂದು ಹೆದರಿಕೆ ಇನ್ನೂ ಉಳಿದಿದೆ. ಹೊರಡುವ ಹೊತ್ತಿಗೆ ರದ್ದು ಮಾಡಿದರೆ ಆ ರಾತ್ರಿಗಳು ಹೋದ ಹಾಗೆಯೇ. ನಮ್ಮ ದಾರಿಯ ಕಥೆ ಗೊತ್ತಲ್ಲ. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ಹೆದ್ದಾರಿಯೇ ಜರಿದು ಹೋಗಿತ್ತು. ನನಗೆ ಪುರುಸೊತ್ತು ಇರುವ ತಿಂಗಳಲ್ಲೇ ನಮ್ಮ ಗುಡ್ಡಗಳಿಗೂ ಕುಸಿಯೋಕೆ ಪುರುಸೊತ್ತು. ಮಳೆಗಾಲದ ವಾರ ನಮಗೆ ಲಾಭ ಅಂದುಕೊಂಡಾಗ ಇದು ತಲೆಗೆ ಬಂದಿರಲಿಲ್ಲ. ಅದಕ್ಕೆ ಆಗಸ್ಟ್ ಬಿಟ್ಟು ಸೆಪ್ಟೆಂಬರ್‌ನಲ್ಲಿ, ದಸರಾಕ್ಕೆ ಮೊದಲು, ವಾರದ ನಡುವೆ, ಗೋವಾದಲ್ಲಿ ಮೂರು ರಾತ್ರಿ ಹಾಕಿದ್ದೇವೆ. ಅಮ್ಮನಿಗೆ ಸಮುದ್ರ ನೋಡಬೇಕಂತೆ. ಮಕ್ಕಳಿಗೆ ಅಷ್ಟು ದಿನ ಕ್ಲಾಸು ತಪ್ಪುತ್ತೆ.

ಮೊನ್ನೆ ಹಿರಿಯರ ಫೋನ್ ಬಂತು. ದುಡ್ಡು ತಲುಪಿದೆ ಅಂದರು. ಆಮೇಲೆ ಸ್ವಲ್ಪ ತಡೆದು, "ಆ ನೀಲಿ ಫೈಲಿನ ಹಿಂದೆ ಒಂದು ಚೀಟಿ ಇರಬೇಕು ರೈಟ್ರೇ. ಅದನ್ನೊಂದು ವಾಪಸ್ ಕಳಿಸ್ತೀರಾ?" ಅಂದರು. ನಾಳೆಯೇ ಸ್ಪೀಡ್ ಪೋಸ್ಟ್ ಮಾಡುತ್ತೇನೆ ಅಂದೆ. ಕವರಿಗೆ ಹಾಕುವ ಮೊದಲು ನನ್ನ ಹೆಂಡತಿ ಅದನ್ನು ದೀಪದ ಹತ್ತಿರ ಹಿಡಿದು ಓದಿದಳು. ಆಮೇಲೆ ನನ್ನ ಲೆಕ್ಕದ ಹಾಳೆಯ ಹಿಂದೆ ಅದೇ ಸಾಲಿನಲ್ಲಿ ಇಳಿಸಿಕೊಂಡಳು: ಸ್ವೆಟರ್, ಟಾರ್ಚ್, ಬಿ.ಪಿ. ಮಾತ್ರೆ, ಉಪ್ಪಿನಕಾಯಿ ಬಾಟಲಿ, ಇಸ್ಪೀಟ್. ಗೋವಾಕ್ಕೆ ಸ್ವೆಟರ್ ಯಾಕೆ ಅಂತ ಕೇಳಿದೆ. ಇರಲಿ ಬಿಡಿ ಅಂದಳು.